ಕುಂಪಣಿಯ ಕಾಣಿಕೆ, ಕಂಪೆನಿಯ ಲಂಚ

ನಮ್ಮ ತುಮಕೂರು ಸೀಮೆಯಲ್ಲಿ ‘ಕಂಪೆನಿ’ ಎಂಬ ಮಾತಿಗೆ ಒಂದೊಂದು ಕಾಲದಲ್ಲಿ ಒಂದೊಂದು ಅರ್ಥ ನಡೆದುಬಂದಿದೆ. ಕುಣಿಗಲ್ ಕಡೆಯ ದುರ್ಗಗಳಿಗೆ ಫಿರಂಗಿ ಹೂಡಿದ್ದು ಇಂಗ್ಲೀಷರ ಈಸ್ಟ್ ಇಂಡಿಯಾ ಕಂಪೆನಿ. ನಮ್ಮ ಹಿರಿಯರ ಬಾಯಲ್ಲಿ ಅದು ‘ಕುಂಪಣಿ’. ಗುಬ್ಬಿಯವರಿಗೆ ಕಂಪೆನಿ ಎಂದರೆ 1884ರಲ್ಲಿ ಹುಟ್ಟಿ ನಾಡಿಗೆಲ್ಲ ರಂಗದ ರುಚಿ ಹತ್ತಿಸಿದ ನಾಟಕ ಕಂಪೆನಿ. ಈಗ ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರು ಕಟ್ಟುವ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆ ನಿಂತಿದೆ. ನಾಟಕದ ಕಂಪೆನಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಉಳಿದ ಎರಡು ಕಂಪೆನಿಗಳ ನಡುವಿನ ಇನ್ನೂರು ಮೂವತ್ತು ವರ್ಷಗಳನ್ನು ನೋಡಿದರೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದ್ದು ಬರುತ್ತದೆ. ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ವ್ಯಾಪಾರ ಮಾಡುವ ಕಂಪೆನಿ ಅಲ್ಲಿ ಲಂಚದ ವ್ಯವಹಾರ ನಡೆಸಿದರೆ ಅದನ್ನು ಯಾರು ವಿಚಾರಿಸಬೇಕು? ಅಪರಾಧ ನಡೆದ ದೇಶವೋ, ಅಪರಾಧಿಯ ಸ್ವದೇಶವೋ? ಈ ಪ್ರಶ್ನೆಗೆ ಜಗತ್ತು ಮೊದಲು ಉತ್ತರ ಹುಡುಕಿದ್ದು ನಮ್ಮ ದೇಶದ ನೆಪದಿಂದ ಎಂಬುದನ್ನು ವಾಚಕರಿಗೆ ನೆನಪು ಮಾಡಿಕೊಡಲು ಇದನ್ನು ಬರೆಯುತ್ತಿದ್ದೇನೆ.

ಲಂಚ ನಮಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ವಚನಗಳಲ್ಲಿಯೇ ಆ ಮಾತು ವಂಚನೆಯೊಡನೆ ಜೋಡಿಯಾಗಿ ಬಂದಿದೆ. ಆದರೆ ಲಂಚ ಬೇರೆ, ಕಾಣಿಕೆ ಬೇರೆ ಎಂಬ ವಿವೇಕವೂ ನಮ್ಮಲ್ಲಿ ಹಳೆಯದು. ದೊರೆಯ ಮುಂದೆ ಬರಿಗೈಯಲ್ಲಿ ಹೋಗಬಾರದು. ಹಣ್ಣೋ ಹೊನ್ನೋ ಕೈಲಾದದ್ದನ್ನು ಒಪ್ಪಿಸಬೇಕು. ದೊರೆಯೂ ಶಾಲೋ ಉಂಗುರವೋ ಕೊಟ್ಟು ಮರ್ಯಾದೆ ಮಾಡಬೇಕು. ಇದೆಲ್ಲ ತುಂಬಿದ ಸಭೆಯಲ್ಲಿ, ಹತ್ತು ಜನರ ಕಣ್ಣೆದುರಿಗೆ ನಡೆಯುತ್ತಿತ್ತು. ಕುಂಪಣಿಯ ಅಧಿಕಾರಿಗಳು ಮಾಡಿದ್ದೇನೆಂದರೆ, ಈ ಸಂಪ್ರದಾಯದ ಹೆಸರನ್ನು ಮಾತ್ರ ಇಟ್ಟುಕೊಂಡು ಒಳಗಿನ ತಿರುಳನ್ನು ಬದಲಾಯಿಸಿದ್ದು.

1757ರಲ್ಲಿ ಪ್ಲಾಸಿಯ ಕದನ ಮುಗಿದು ಮೀರ್ ಜಾಫರ್ ಬಂಗಾಳದ ನವಾಬನಾದ. ಅವನನ್ನು ಗಾದಿಗೇರಿಸಿದ ಕ್ಲೈವನಿಗೆ ಬಂದ ‘ಕಾಣಿಕೆ’ 2,34,000 ಪೌಂಡು. ಅದು ಸಾಲದೆ ಮುಂದೆ ವರ್ಷಕ್ಕೆ 27,000 ಪೌಂಡು ಹುಟ್ಟುವಳಿಯ ಜಹಗೀರೂ ಬಂತು. ಬಳಿಕ ನವಾಬರನ್ನು ಇಳಿಸುವುದೂ ಏರಿಸುವುದೂ ಕಲ್ಕತ್ತೆಯ ಕೌನ್ಸಿಲಿನವರಿಗೆ ಲಾಭದ ಉದ್ಯೋಗವೇ ಆಗಿಹೋಯಿತು. ಗಾದಿಗೆ ಬಂದ ಪ್ರತಿಯೊಬ್ಬನೂ ಅದಕ್ಕೆ ಬೆಲೆ ತೆರಬೇಕಾಗಿತ್ತು. 1770ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯೊಂದು ಕುಳಿತು ಲೆಕ್ಕ ಹಾಕಿದಾಗ, 1757ರಿಂದೀಚೆಗೆ ಎಂಟು ಒಂಬತ್ತು ವರ್ಷಗಳಲ್ಲಿ ಬಂಗಾಳದಲ್ಲಿ ಕುಂಪಣಿಯವರು ಪಡೆದ ಕಾಣಿಕೆಗಳ ಮೊತ್ತ ಸುಮಾರು 21 ಲಕ್ಷ 70 ಸಾವಿರ ಪೌಂಡೆಂದು ತಿಳಿಯಿತು. ಆ ವಿಚಾರಣೆಯಲ್ಲಿ ಕ್ಲೈವನು, ಅಷ್ಟು ಐಶ್ವರ್ಯದ ನಡುವೆ ನಿಂತಿದ್ದೂ ತಾನು ತೋರಿದ ಸಂಯಮ ತನಗೇ ಆಶ್ಚರ್ಯವೆಂದು ಹೇಳಿದನೆಂದು ಪ್ರತೀತಿ.

ಲಂಡನ್ನಿನಲ್ಲಿದ್ದ ಕುಂಪಣಿಯ ನಿರ್ದೇಶಕರಿಗೆ ಕೋಪ ಬಂದದ್ದು ಸಹಜ. ಬಂಗಾಳದ ಪ್ರಜೆಗೆ ಅನ್ಯಾಯವಾಯಿತೆಂದು ಬಂದ ಕೋಪ ಅದಾಗಿರಲಿಲ್ಲ. ತಮ್ಮ ಪೆಟ್ಟಿಗೆಗೆ ಬರಬೇಕಾದ ಹಣ ತಮ್ಮ ನೌಕರರ ಜೇಬಿಗೆ ಹೋಯಿತೆಂದು ಬಂದದ್ದು. ಅವರು 1764ರಲ್ಲಿ ಒಂದು ಮುಚ್ಚಳಿಕೆಯನ್ನು ಕಳುಹಿಸಿದರು. ನಿರ್ದೇಶಕರ ಅಪ್ಪಣೆಯಿಲ್ಲದೆ 4,000 ರೂಪಾಯಿಗೆ ಮೇಲ್ಪಟ್ಟ ಕಾಣಿಕೆಯನ್ನು ಸ್ವೀಕರಿಸುವುದಿಲ್ಲವೆಂದು ಪ್ರತಿಯೊಬ್ಬ ಅಧಿಕಾರಿಯೂ ಅದಕ್ಕೆ ರುಜು ಹಾಕತಕ್ಕದ್ದು. ಮುಚ್ಚಳಿಕೆ 1765ರ ಮೊದಲಲ್ಲಿ ಕಲ್ಕತ್ತೆಯನ್ನು ತಲಪಿತು. ಅಷ್ಟರಲ್ಲಿ ಮೀರ್ ಜಾಫರ್ ತೀರಿಕೊಂಡ. ಮಗನಿಗೆ ಪಟ್ಟ ಕಟ್ಟುವ ಸಂದರ್ಭ ಒದಗಿತು. ಕೌನ್ಸಿಲಿನವರು ಕಾಗದವನ್ನು ಮೇಜಿನ ಮೇಲಿಟ್ಟು, ಮೊದಲು ಕಾಣಿಕೆಗಳನ್ನು ತೆಗೆದುಕೊಂಡರು. ಮತ್ತೆ ಬಂಗಾಳಕ್ಕೆ ಬಂದ ಕ್ಲೈವನೇ ಅವರಿಂದ ರುಜು ಹಾಕಿಸಿದ! ಪರದೇಶದಲ್ಲಿ ವ್ಯಾಪಾರ ಮಾಡುವ ಕಂಪೆನಿಯೊಂದು ಲಂಚದ ವಿರುದ್ಧ ತನ್ನವರಿಂದ ಬರೆಸಿಕೊಂಡ ಹಳೆಯ ಪತ್ರಗಳಲ್ಲಿ ಇದು ಪ್ರಸಿದ್ಧವಾದದ್ದು. ಮುಂದೆ ದೇಶವನ್ನಾಳಿದ ಸಿವಿಲ್ ಸರ್ವಿಸಿನವರಿಗೆ ‘ಮುಚ್ಚಳಿಕೆ ಬರೆದುಕೊಟ್ಟವರು’ ಎಂಬರ್ಥದ ಬಿರುದು ಅಂಟಿದ್ದೂ ಇಂಥ ಪತ್ರಗಳಿಂದಲೇ.

ಬರಿಯ ಮುಚ್ಚಳಿಕೆಯಿಂದ ಏನಾದೀತು? 1769-70ರಲ್ಲಿ ಬಂಗಾಳಕ್ಕೆ ಭೀಕರ ಕ್ಷಾಮ ಬಡಿಯಿತು. 1772ರ ಹೊತ್ತಿಗೆ ಕುಂಪಣಿಯೇ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಮುಂದೆ ಸಾಲಕ್ಕಾಗಿ ಕೈಚಾಚಿತು. ಸಾಲ ಕೊಟ್ಟ ಸರ್ಕಾರ ಅದರೊಡನೆ ಕಾಯಿದೆಯನ್ನೂ ಕೊಟ್ಟಿತು. 1773ರ ರೆಗ್ಯುಲೇಟಿಂಗ್ ಆಕ್ಟ್ ಗವರ್ನರ್ ಜನರಲ್ಲಿಗೆ ವರ್ಷಕ್ಕೆ 25,000 ಪೌಂಡು ಸಂಬಳ ಗೊತ್ತುಮಾಡಿ, ಅವನೂ ಅವನ ಕೌನ್ಸಿಲಿನವರೂ ನ್ಯಾಯಾಧೀಶರೂ ಕಾಣಿಕೆ ಮುಟ್ಟಕೂಡದೆಂದು ವಿಧಿಸಿತು. 1784ರ ಪಿಟ್ಟನ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಣಿಕೆ ಪಡೆಯುವುದನ್ನು ಸುಲಿಗೆಯೆಂದೇ ಎಣಿಸಿ, ಇಂಡಿಯಾದಲ್ಲಿ ಮಾಡಿದ ಅಪರಾಧಕ್ಕೆ ಇಂಗ್ಲೆಂಡಿನಲ್ಲಿ ವಿಚಾರಣೆ ನಡೆಯಬಹುದೆಂದು ಹೇಳಿತು. ಸಾವಿರಾರು ಮೈಲಿ ದೂರದಲ್ಲಿ ಮಾಡಿದ ತಪ್ಪಿಗೆ ಸ್ವದೇಶದ ನ್ಯಾಯಾಸನದ ಮುಂದೆ ಉತ್ತರ ಹೇಳಬೇಕು ಎಂಬ ತತ್ವ ಹೀಗೆ ನಮ್ಮ ನೆಪದಿಂದ ಕಾಯಿದೆಯ ಪುಸ್ತಕ ಸೇರಿತು.

ತತ್ವದ ದೊಡ್ಡ ಪರೀಕ್ಷೆಯೂ ಬೇಗನೆ ಬಂತು. ವಾರನ್ ಹೇಸ್ಟಿಂಗ್ಸನು ಮುನ್ನಿ ಬೇಗಮಳಿಂದ ಮೂರೂವರೆ ಲಕ್ಷದಷ್ಟು ರೂಪಾಯಿ ಪಡೆದನೆಂದು 1775ರಲ್ಲಿ ಆರೋಪ ಹೊರಿಸಿದವನು ನಂದಕುಮಾರ. ಆರೋಪ ವಿಚಾರಣೆಗೆ ನಿಲ್ಲುವ ಮುನ್ನ, ಕೂಟಸಾಕ್ಷ್ಯ ಪತ್ರದ ಹಳೆಯ ಮೊಕದ್ದಮೆಯೊಂದರಲ್ಲಿ ನಂದಕುಮಾರನೇ ಅದೇ ವರ್ಷದ ಆಗಸ್ಟ್ 5ರಂದು ಗಲ್ಲಿಗೇರಿದ. ಹೇಸ್ಟಿಂಗ್ಸನ ಮೇಲೆ ಪಾರ್ಲಿಮೆಂಟು ನಡೆಸಿದ ವಿಚಾರಣೆ 1788ರಲ್ಲಿ ಮೊದಲಾಗಿ 1795ರಲ್ಲಿ ಮುಗಿಯಿತು. ಏಳು ವರ್ಷದ ವಾಗ್ಝರಿಯ ಕೊನೆಗೆ ಅವನು ನಿರ್ದೋಷಿಯೆಂದು ತೀರ್ಪು. ದೂರು ಕೊಟ್ಟವನಿಗೆ ಐದೇ ತಿಂಗಳಿನ ಆಸುಪಾಸಿನಲ್ಲಿ ಮರಣ, ದೂರಿಗೆ ಗುರಿಯಾದವನಿಗೆ ಇಪ್ಪತ್ತು ವರ್ಷದ ಮೇಲೆ ಬಿಡುಗಡೆ. ಇದರಿಂದ ದೂರುಗಾರರು ಯಾವ ಪಾಠ ಕಲಿತಿರಬಹುದೆಂದು ವಿವರಿಸಬೇಕಾಗಿಲ್ಲ.

ಈ ಕಥೆ ನಮ್ಮ ಜಿಲ್ಲೆಯೊಳಕ್ಕೆ ಕಾಲಿಡುವುದು ಕಾರ್ನ್‌ವಾಲಿಸನ ಜೊತೆಯಲ್ಲಿ. 1786ರಲ್ಲಿ ಗವರ್ನರ್ ಜನರಲ್ಲಾಗಿ ಬಂದ ಅವನನ್ನು ಕುಂಪಣಿಯ ಆಡಳಿತದ ಕೊಳೆ ತೊಳೆಯುವುದಕ್ಕೆಂದೇ ಕಳುಹಿಸಿದ್ದರು. ನೌಕರರ ಖಾಸಗಿ ವ್ಯಾಪಾರವನ್ನು ಅವನು ನಿಲ್ಲಿಸಿದ. ಕಲೆಕ್ಟರಿಗೆ ತಿಂಗಳಿಗೆ 1,500 ರೂಪಾಯಿ ಸಂಬಳ, ಅದರ ಮೇಲೆ ವಸೂಲಿಯಲ್ಲಿ ಒಂದು ಪಾಲು ಕಮಿಷನ್ನು ಎಂದು ಗೊತ್ತುಮಾಡಿದ. ಹೊಟ್ಟೆ ತುಂಬಿದವನು ಕದಿಯುವುದಿಲ್ಲ ಎಂಬುದು ಅವನ ಸೂತ್ರ. ಇದೇ ಕಾರ್ನ್‌ವಾಲಿಸನು 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದು, ಬೆಂಗಳೂರನ್ನು ಹಿಡಿದು, ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿ, ಧಾನ್ಯವೂ ಎಳೆಯುವ ಎತ್ತುಗಳೂ ಇಲ್ಲದೆ ಹಿಂದಿರುಗಬೇಕಾಯಿತು. ಹಿಂದಿರುಗುವ ದಾರಿಯಲ್ಲಿ ಅವನ ಸೈನ್ಯದ ವಶವಾದದ್ದು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ. ಅದೇ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಬಿತ್ತು.

ಹುಲಿಯೂರುದುರ್ಗದ ಬೋಳು ಬಂಡೆಯನ್ನು ನೋಡಿದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಯುದ್ಧದ ಸಂಗತಿಗಿಂತ ಹೆಚ್ಚಾಗಿ ಈ ಮನುಷ್ಯನಲ್ಲಿ ಒಟ್ಟಿಗೆ ವಾಸವಾಗಿದ್ದ ಎರಡು ಗುಣಗಳು. ಸ್ವಂತ ವಿಷಯದಲ್ಲಿ ಅವನ ಕೈ ಶುದ್ಧ. ಮೈಸೂರು ಯುದ್ಧದ ಲೂಟಿಯಲ್ಲಿ ತನಗೆ ಬರಬೇಕಾಗಿದ್ದ ಪಾಲನ್ನು ಬಿಟ್ಟುಕೊಟ್ಟವನು. ಆದರೆ 1792ರ ಕೌಲಿನಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಎಣಿಸಿಕೊಂಡದ್ದರಲ್ಲಿ, ಒತ್ತೆಗೆಂದು ಇಬ್ಬರು ಮಕ್ಕಳನ್ನು ಕರೆದೊಯ್ದದ್ದರಲ್ಲಿ, ಅವನ ಕಾಯಿದೆಗೆ ಯಾವ ಲೋಪವೂ ಕಾಣಲಿಲ್ಲ. ನೌಕರ ಜೇಬಿಗೆ ಹಾಕಿದರೆ ಲಂಚ, ಕುಂಪಣಿ ಪೆಟ್ಟಿಗೆಗೆ ಹಾಕಿದರೆ ರಾಜನೀತಿ. ಇನ್ನೊಂದು ಮಾತೂ ಉಂಟು. ಹಿಂದೂಸ್ಥಾನದ ಪ್ರತಿಯೊಬ್ಬ ನಿವಾಸಿಯೂ ಭ್ರಷ್ಟನೆಂಬುದು ಅವನ ದೃಢವಾದ ನಂಬಿಕೆಯಾಗಿತ್ತು. ಇಂಗ್ಲೀಷನಿಗೆ ಸಂಬಳ ಹೆಚ್ಚಿಸಿ ಶುದ್ಧ ಮಾಡಬಹುದು, ಭಾರತೀಯನನ್ನು ಮಾತ್ರ ಹುದ್ದೆಯಿಂದ ದೂರವಿಟ್ಟೇ ಆಡಳಿತವನ್ನು ಶುದ್ಧ ಮಾಡಬೇಕು! ಮೇಲಿನ ಸ್ಥಾನಗಳ ಬಾಗಿಲು ನಮ್ಮವರಿಗೆ ಮುಚ್ಚಿತು. ಲಂಚನಿರೋಧದ ಹೆಸರಿನಲ್ಲಿ ಒಂದು ಜನಾಂಗವನ್ನೇ ಅವಮಾನಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದ್ದರಿಂದ ಹದಿನೆಂಟನೆಯ ಶತಮಾನದ ಈ ಕಾಯಿದೆಗಳನ್ನು ಹೊಗಳುವಾಗ ನಾವು ಸ್ವಲ್ಪ ಎಚ್ಚರದಿಂದಿರಬೇಕು. ತತ್ವ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಕಾದದ್ದು ಷೇರುದಾರನ ಹಿತವನ್ನು. ಲಂಚದ ಹಣವನ್ನು ಕೊನೆಗೆ ತೆತ್ತ ರೈತನಿಗೆ ಅದರಲ್ಲಿ ಸ್ಥಾನವಿರಲಿಲ್ಲ; ಕಿತ್ತುಕೊಂಡದ್ದರಲ್ಲಿ ಒಂದು ಕಾಸೂ ಅವನಿಗೆ ಮರಳಲಿಲ್ಲ.

ಕಾಲ ಬದಲಾಯಿತು. ಸಾಮ್ರಾಜ್ಯಗಳು ಹೋಗಿ ಸ್ವತಂತ್ರ ದೇಶಗಳು ಹುಟ್ಟಿದವು. ಕಂಪೆನಿಗಳು ಫಿರಂಗಿ ಬಿಟ್ಟು ಟೆಂಡರು ಹಿಡಿದು ಬಂದವು. ಆಗ ಲಂಚದ ದಿಕ್ಕೂ ತಿರುಗಿತು. ಹಿಂದೆ ಪರದೇಶದ ಕಂಪೆನಿಯವನು ತೆಗೆದುಕೊಳ್ಳುವವನು, ನಮ್ಮ ನವಾಬ ಕೊಡುವವನು. ಈಗ ಕಂಪೆನಿಯೇ ಕೊಡುವವನು. ಗಿರಾಕಿ ದೇಶದ ಮಂತ್ರಿಯೋ ಅಧಿಕಾರಿಯೋ ತೆಗೆದುಕೊಳ್ಳುವವನು.

ಇದು ಬೆಳಕಿಗೆ ಬಂದದ್ದು ಅಮೆರಿಕದಲ್ಲಿ, ವಾಟರ್‌ಗೇಟ್ ಹಗರಣದ ಬಾಲ ಹಿಡಿದು. ಚುನಾವಣೆಯ ಕಳ್ಳಹಣವನ್ನು ಹುಡುಕಹೊರಟವರಿಗೆ ಕಂಪೆನಿಗಳ ಗುಪ್ತ ಖಾತೆಗಳು ಸಿಕ್ಕವು. ನಾನೂರಕ್ಕೂ ಹೆಚ್ಚು ಅಮೆರಿಕನ್ ಕಂಪೆನಿಗಳು, ಮೂವತ್ತು ಕೋಟಿ ಡಾಲರಿಗೂ ಮೀರಿದ ಸಂಶಯಾಸ್ಪದ ಪಾವತಿಗಳನ್ನು ಒಪ್ಪಿಕೊಂಡವು. ವಿಮಾನ ಕಟ್ಟುವ ಲಾಕ್‌ಹೀಡ್ ಕಂಪೆನಿಯ ಹಣ ಎಲ್ಲೆಲ್ಲಿಗೆ ಹರಿದಿತ್ತೆಂದರೆ, 1976ರಲ್ಲಿ ಜಪಾನಿನ ಮಾಜಿ ಪ್ರಧಾನಿ ತನಾಕಾ ಬಂಧನಕ್ಕೊಳಗಾದರು; ಹಾಲೆಂಡಿನ ರಾಣಿಯ ಪತಿ ತಮ್ಮ ಸೈನಿಕ ಸ್ಥಾನಗಳನ್ನು ಬಿಟ್ಟುಕೊಡಬೇಕಾಯಿತು. 1977ರ ಡಿಸೆಂಬರ್ 19ರಂದು ಅಧ್ಯಕ್ಷ ಕಾರ್ಟರ್ ರುಜು ಹಾಕಿದ ಕಾಯಿದೆ, ಪರದೇಶದ ಅಧಿಕಾರಿಗೆ ಲಂಚ ಕೊಡುವುದನ್ನು ಸ್ವದೇಶದಲ್ಲಿಯೇ ಅಪರಾಧವನ್ನಾಗಿ ಮಾಡಿತು. ಪಿಟ್ಟನ ತತ್ವವೇ ಬೇರೆ ಉಡುಪಿನಲ್ಲಿ ಮರಳಿ ಬಂದಂತಾಯಿತು.

ಈ ಕಾಯಿದೆಯ ಜಾಣತನವಿರುವುದು ಅದರ ಎರಡನೆಯ ಭಾಗದಲ್ಲಿ. ಲಂಚ ಕೊಟ್ಟೆವೆಂದು ಯಾವ ಕಂಪೆನಿಯೂ ಖಾತೆಯಲ್ಲಿ ಬರೆಯುವುದಿಲ್ಲ. ಸಲಹೆಯ ಶುಲ್ಕ, ಮಧ್ಯಸ್ಥರ ಕಮಿಷನ್ನು ಎಂದು ಬರೆಯುತ್ತದೆ. ಆದ್ದರಿಂದ ಲೆಕ್ಕವನ್ನು ಸುಳ್ಳಾಗಿ ಬರೆಯುವುದನ್ನೇ ಕಾಯಿದೆ ಹಿಡಿಯಿತು. ಗುಬ್ಬಿಯ ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾದೀತು. 1800ರಲ್ಲಿ ಕುಂಪಣಿಯ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಗುಬ್ಬಿಯ ಪೇಟೆಯ ವ್ಯಾಪಾರವನ್ನು ವಿಶೇಷವಾಗಿ ಬರೆದಿಟ್ಟಿದ್ದಾನೆ. ಅಡಿಕೆ, ಕೊಬ್ಬರಿಯ ಮಂಡಿಗಳಲ್ಲಿ ದಲ್ಲಾಳಿ ಎಂಬುವನು ಅಂದಿನಿಂದಲೂ ಬೇಕಾದವನೇ. ಅವನ ದಲ್ಲಾಳಿ ಇಷ್ಟು ಎಂದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಗುಮಾಸ್ತೆಯ ಖಾತೆಯಲ್ಲೂ ಅದು ಉಂಟು. ಕೊಳ್ಳುವ ಕಡೆಯ ಗುಮಾಸ್ತೆಯ ಜೇಬಿಗೆ ಬಿದ್ದು, ಖಾತೆಯಲ್ಲಿ ‘ಸಾಗಾಣಿಕೆ ಖರ್ಚು’ ಎಂದು ಕಾಣಿಸಿಕೊಂಡ ಹಣ ಮಾತ್ರ ದಲ್ಲಾಳಿಯಲ್ಲ, ಲಂಚ. ಅವೆರಡರ ನಡುವಿನ ಭೇದ ಮೊತ್ತದಲ್ಲಿಲ್ಲ, ಮರೆಮಾಚುವುದರಲ್ಲಿದೆ.

ಅಮೆರಿಕದ ಮಾದರಿಯನ್ನು ಯೂರೋಪು ಬೇಗನೆ ಅನುಸರಿಸಲಿಲ್ಲ. ಜರ್ಮನಿಯಲ್ಲಿ 1990ರ ದಶಕದ ಕೊನೆಯವರೆಗೂ ಪರದೇಶದಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯಬಹುದಾಗಿತ್ತು. ತಾವೊಬ್ಬರೇ ಮಡಿಯುಟ್ಟು ಕೂತರೆ ವ್ಯಾಪಾರ ಬೇರೆಯವರ ಪಾಲಾಗುತ್ತದೆಂಬುದು ಅಮೆರಿಕನ್ನರ ಗೋಳು. ಆ ಗೋಳಿನ ಫಲವಾಗಿ ಪ್ಯಾರಿಸ್ಸಿನಲ್ಲಿ ನೆಲಸಿದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಆಶ್ರಯದಲ್ಲಿ 1997ರ ಡಿಸೆಂಬರಿನಲ್ಲಿ ಒಪ್ಪಂದಕ್ಕೆ ರುಜು ಬಿದ್ದು 1999ರ ಫೆಬ್ರವರಿಯಿಂದ ಜಾರಿಗೆ ಬಂತು. ರುಜು ಹಾಕಿದ ಪ್ರತಿಯೊಂದು ದೇಶವೂ ತನ್ನ ಕಂಪೆನಿಗಳು ಹೊರಗೆ ಕೊಡುವ ಲಂಚವನ್ನು ಒಳಗೆ ದಂಡಿಸಬೇಕು. ಅದರ ಬಿಸಿ ಎಷ್ಟೆಂಬುದನ್ನು 2008ರಲ್ಲಿ ಸೀಮೆನ್ಸ್ ಕಂಪೆನಿ ಅಮೆರಿಕಕ್ಕೂ ಜರ್ಮನಿಗೂ ಸೇರಿ ತೆತ್ತ ಸುಮಾರು 160 ಕೋಟಿ ಡಾಲರ್ ಹೇಳುತ್ತದೆ. ಬ್ರಿಟನ್ನು 2010ರಲ್ಲಿ ಮಾಡಿದ ಕಾಯಿದೆ, ಲಂಚವನ್ನು ತಡೆಯದೆ ಹೋದದ್ದನ್ನೇ ಕಂಪೆನಿಯ ಅಪರಾಧವನ್ನಾಗಿಸಿತು.

ಇಷ್ಟೆಲ್ಲ ದೂರದ ಸಂಗತಿ ಬಿದರೆಹಳ್ಳ ಕಾವಲಿಗೆ ಏಕೆಂದು ವಾಚಕರು ಕೇಳಬಹುದು. 615 ಎಕರೆಯ ಆ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಅದು ಉದ್ಘಾಟನೆಯಾಯಿತು. ಅದರ ಒಡೆತನದ ಸಂಸ್ಥೆ ಬೆಂಗಳೂರಿನದು, ಸರ್ಕಾರದ್ದು. ಎಂಜಿನ್ನು ಮುಂತಾದ ಭಾಗಗಳಿಗೆ ಪರದೇಶದ ಕಂಪೆನಿಗಳೊಡನೆ ದಶಕಗಳಿಂದ ವ್ಯವಹರಿಸಿದ್ದು. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪೆನಿ 2017ರ ಜನವರಿಯಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಏಳು ದೇಶಗಳ ವ್ಯವಹಾರದಲ್ಲಿ ತನ್ನ ತಪ್ಪುಗಳನ್ನು ಒಪ್ಪಿ 49 ಕೋಟಿ 70 ಲಕ್ಷ ಪೌಂಡು ತೆರಲು ಒಡಂಬಟ್ಟಿತು. ಆ ಏಳರಲ್ಲಿ ಭಾರತವೂ ಒಂದು. ರಕ್ಷಣಾ ಖರೀದಿಯಲ್ಲಿ ಮಧ್ಯಸ್ಥರು ಕೂಡದೆಂಬ ನಮ್ಮ ನಿಯಮವನ್ನು ಮೀರಿ ಮಧ್ಯಸ್ಥರಿಗೆ ಕೊಟ್ಟದ್ದನ್ನು ಬೇರೆ ಹೆಸರಿನಲ್ಲಿ ಬರೆದದ್ದು, ಆ ಮಧ್ಯಸ್ಥರ ಪಟ್ಟಿ ತೆರಿಗೆ ಅಧಿಕಾರಿಯ ಕೈಗೆ ಸಿಕ್ಕಾಗ ಅದನ್ನು ಬಿಡಿಸಿಕೊಳ್ಳಲು ಹಣ ಕೊಟ್ಟದ್ದು, ಇವು ಅಲ್ಲಿ ದಾಖಲಾದ ಸಂಗತಿಗಳು. 2019ರ ಜುಲೈಯಲ್ಲಿ ನಮ್ಮ ಸಿಬಿಐ, 2007ರಿಂದ 2011ರವರೆಗೆ ಹಿಂದೂಸ್ಥಾನ್ ಏರೋನಾಟಿಕ್ಸ್ ಮೊದಲಾದ ಸರ್ಕಾರಿ ಸಂಸ್ಥೆಗಳ ಖರೀದಿಗಳಲ್ಲಿ 77 ಕೋಟಿ ರೂಪಾಯಿಗೆ ಮೇಲ್ಪಟ್ಟ ಕಮಿಷನ್ನು ಮಧ್ಯಸ್ಥ ಸಂಸ್ಥೆಗೆ ಸಂದಿತೆಂಬ ಆರೋಪದ ಮೇಲೆ ಆ ಕಂಪೆನಿಯ ವಿರುದ್ಧ ಮೊಕದ್ದಮೆ ದಾಖಲಿಸಿತು. ಆರೋಪ ಆರೋಪವೇ, ತೀರ್ಪು ನ್ಯಾಯಾಲಯದ್ದು. ನಾನು ಹೇಳಹೊರಟದ್ದು ಬೇರೆ. ಲಂಡನ್ನಿನಲ್ಲಿ ತೆತ್ತ ಹಣ ಲಂಡನ್ನಿನ ಬೊಕ್ಕಸಕ್ಕೇ ಹೋಯಿತು. ಕ್ಲೈವನ ಕಾಲದ ಬಂಗಾಳದ ರೈತನಿಗೂ ಇಂದಿನ ಭಾರತದ ತೆರಿಗೆದಾರನಿಗೂ ಈ ಒಂದು ವಿಷಯದಲ್ಲಿ ಹೆಚ್ಚು ಅಂತರವಿಲ್ಲ.

ಮುಚ್ಚಳಿಕೆಯೂ ಮರಳಿ ಬಂದಿದೆ. ದೊಡ್ಡ ರಕ್ಷಣಾ ಖರೀದಿಗಳಲ್ಲಿ ಮಾರುವವನು ಮೊದಲೇ ಪ್ರಾಮಾಣಿಕತೆಯ ಕರಾರಿಗೆ ರುಜು ಹಾಕತಕ್ಕದ್ದು. ಗಣ್ಯರ ಪ್ರಯಾಣಕ್ಕೆಂದು ಹನ್ನೆರಡು ಹೆಲಿಕಾಪ್ಟರುಗಳನ್ನು ಕೊಳ್ಳಲು ಅಗಸ್ಟಾ ವೆಸ್ಟ್‌ಲ್ಯಾಂಡ್ ಕಂಪೆನಿಯೊಡನೆ 2010ರಲ್ಲಿ ಮಾಡಿಕೊಂಡ ಸುಮಾರು 3,600 ಕೋಟಿ ರೂಪಾಯಿಯ ಒಪ್ಪಂದವನ್ನು 2014ರ ಜನವರಿ 1ರಂದು ಸರ್ಕಾರ ರದ್ದು ಮಾಡಿದ್ದು ಈ ಕರಾರಿನ ಉಲ್ಲಂಘನೆಯ ಕಾರಣ ಕೊಟ್ಟು. ಇಟಲಿಯಲ್ಲಿ ಅದರ ಮೊಕದ್ದಮೆ ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಓಡಾಡಿ, 2018ರಲ್ಲಿ ಕಂಪೆನಿಯ ಮಾಜಿ ಮುಖ್ಯಸ್ಥರ ಖುಲಾಸೆಯಾಯಿತು. ನ್ಯಾಯಾಲಯದಲ್ಲಿ ಲಂಚವನ್ನು ರುಜುವಾತು ಮಾಡುವುದು ಹೇಸ್ಟಿಂಗ್ಸನ ಕಾಲದಲ್ಲಿ ಎಷ್ಟು ಕಷ್ಟವಾಗಿತ್ತೋ ಇಂದೂ ಅಷ್ಟೇ ಕಷ್ಟ. ಕರಾರು ಮಾತ್ರ ಕೈಯಲ್ಲಿದ್ದರೆ ಕೊಂಡವನು ವ್ಯಾಪಾರವನ್ನಾದರೂ ಮುರಿಯಬಹುದು.

ಇಷ್ಟರವರೆಗೆ ನಾವು ಕೊಳ್ಳುವವರ ಸ್ಥಾನದಲ್ಲಿ ನಿಂತು ಮಾತಾಡಿದೆವು. ಮಾರುವವರಾಗಿ ನಾವು ಹೇಗೆ? ಒಳಗಿನ ಲಂಚಕ್ಕೆ ನಮ್ಮಲ್ಲಿ ಕಾಯಿದೆಗಳಿಗೆ ಕೊರತೆಯಿಲ್ಲ. 1947ರಲ್ಲಿ ಒಂದು ಬಂತು; ಸಂತಾನಂ ಸಮಿತಿಯ ಸಲಹೆಯಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಬಂತು; 1988ರಲ್ಲಿ ಹೊಸ ಕಾಯಿದೆ, 2018ರಲ್ಲಿ ಅದಕ್ಕೆ ತಿದ್ದುಪಡಿ. ಆ ತಿದ್ದುಪಡಿಯಿಂದ ಕೊಡುವವನೂ ನೇರವಾಗಿ ಅಪರಾಧಿಯಾದ. ಬಲಾತ್ಕಾರಕ್ಕೆ ಸಿಕ್ಕಿ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ವ್ಯಾಪಾರ ಸಂಸ್ಥೆಗಳೂ ಹೊಣೆಗೆ ಸಿಕ್ಕವು. ಆದರೆ ಇದೆಲ್ಲ ನಮ್ಮ ಅಧಿಕಾರಿಗೆ ಕೊಟ್ಟ ಲಂಚದ ಮಾತು. ನಮ್ಮ ಕಂಪೆನಿಯೊಂದು ಪರದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಅದನ್ನೇ ಅಪರಾಧವೆಂದು ಹೆಸರಿಸಿ ದಂಡಿಸುವ ಕಾಯಿದೆ ಭಾರತದಲ್ಲಿ ಇನ್ನೂ ಆಗಿಲ್ಲ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು ನಾವು 2011ರ ಮೇ ತಿಂಗಳಲ್ಲಿ ಅನುಮೋದಿಸಿದೆವು. ಅಂಥ ಕಾಯಿದೆ ಮಾಡುವುದೂ ಅದರ ಒಂದು ವಿಧಿ. ಅದೇ ವರ್ಷ ಲೋಕಸಭೆಯಲ್ಲಿ ಮಸೂದೆಯೂ ಮಂಡನೆಯಾಯಿತು. 2014ರಲ್ಲಿ ಲೋಕಸಭೆಯ ಅವಧಿಯೊಡನೆ ಮಸೂದೆಯ ಆಯುಷ್ಯವೂ ಮುಗಿಯಿತು. 2015ರಲ್ಲಿ ಕಾನೂನು ಆಯೋಗ ತನ್ನ 258ನೆಯ ವರದಿಯಲ್ಲಿ ಅದನ್ನು ತಿದ್ದಿ ಬರೆದುಕೊಟ್ಟಿತು. ಪ್ಯಾರಿಸ್ಸಿನ ಒಪ್ಪಂದಕ್ಕಂತೂ ನಾವು ರುಜು ಹಾಕಿಲ್ಲ.

ಹಾಕದಿರುವುದಕ್ಕೆ ಕಾರಣ ಹೇಳುವವರಿದ್ದಾರೆ. ಬಡದೇಶದವರು ಇನ್ನೂ ಈಗ ತಾನೆ ಹೊರಗಿನ ಮಾರುಕಟ್ಟೆಗೆ ಕಾಲಿಡುತ್ತಿದ್ದೇವೆ, ನಮಗೇಕೆ ಈ ಕಡಿವಾಣ ಎನ್ನುತ್ತಾರೆ. ಅಮೆರಿಕವೇ 2025ರ ಫೆಬ್ರವರಿಯಲ್ಲಿ ಅಧ್ಯಕ್ಷರ ಆಜ್ಞೆಯಿಂದ ತನ್ನ ಹಳೆಯ ಕಾಯಿದೆಯ ಜಾರಿಯನ್ನು ತಡೆಹಿಡಿದು, ಜೂನ್ ತಿಂಗಳಲ್ಲಿ ಸಡಿಲವಾದ ಸೂತ್ರಗಳೊಡನೆ ಮುಂದುವರಿಸಿದ ಮೇಲೆ ಈ ವಾದಕ್ಕೆ ಬಲ ಬಂದಂತೆ ಕಾಣುತ್ತದೆ. ತಮ್ಮವರ ವ್ಯಾಪಾರಕ್ಕೆ ತೊಡಕಾಗುತ್ತದೆಂಬುದೇ ಅಲ್ಲಿಯೂ ಕೊಟ್ಟ ಕಾರಣ.

ಈ ಮಾತನ್ನು ಬೇರೆ ಯಾರು ಒಪ್ಪಿದರೂ ನಾವು ಒಪ್ಪಲಾರೆವು. ಬೆಂಗಳೂರಿನಲ್ಲಿ ತಯಾರಾದ ಧ್ರುವ ಹೆಲಿಕಾಪ್ಟರುಗಳು ಈಗಾಗಲೇ ನೇಪಾಳ, ಮಾರಿಷಸ್, ಈಕ್ವೆಡಾರ್ ದೇಶಗಳಿಗೆ ಹೋಗಿವೆ. ಬಿದರೆಹಳ್ಳದವು ನಾಳೆ ಹೋಗಬಹುದು. ತುಮಕೂರಿನ ಪಕ್ಕದ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಸರಕೂ ಹಡಗು ಹತ್ತಬಹುದು. ಆಗ ಅಲ್ಲಿಯ ಜನರ ಪಾಲಿಗೆ ಪರದೇಶದ ಕಂಪೆನಿ ಎಂದರೆ ನಾವೇ. ನಮ್ಮವರು ಲಂಚ ಕೊಟ್ಟು ಮಾರಿದರೆ ಆ ಬೆಲೆಯನ್ನು ತೆರುವವನು, ನಮ್ಮ ರಾಗಿ ಹೊಲದ ರೈತನಂಥ ಅಲ್ಲಿಯ ಒಬ್ಬ ರೈತ. ಅವನ ದೂರನ್ನು ಕೇಳಲು ನಮ್ಮಲ್ಲಿ ಒಂದು ಕಾಯಿದೆ ಇರಬೇಡವೆ? ಅದು ಕಾರ್ನ್‌ವಾಲಿಸನ ಕಾಯಿದೆಯ ಹಾಗೆ ತನ್ನ ಪೆಟ್ಟಿಗೆಯನ್ನು ಮಾತ್ರ ಕಾಯುವ ಕಾಯಿದೆಯೂ ಆಗಬಾರದು. ಕೊಟ್ಟವನನ್ನು ದಂಡಿಸಬೇಕು, ಸುಳ್ಳು ಲೆಕ್ಕವನ್ನು ಹಿಡಿಯಬೇಕು, ವಸೂಲಾದ ದಂಡದಲ್ಲಿ ನಷ್ಟಪಟ್ಟ ದೇಶಕ್ಕೂ ಪಾಲು ಸಲ್ಲಬೇಕು. ಮೊದಲ ಎರಡನ್ನು ಬೇರೆ ದೇಶಗಳು ಮಾಡಿ ತೋರಿಸಿವೆ. ಮೂರನೆಯದನ್ನು ಬರೆಯುವ ಕೆಲಸ, ಅದರ ಕೊರತೆಯನ್ನು ಪ್ಲಾಸಿಯ ಕಾಲದಿಂದ ಉಂಡು ಬಲ್ಲ ನಮಗೆ ಸಲ್ಲತಕ್ಕದ್ದು.